ಯಳಂದೂರಿಗೆ ಹೋದ ಗಿಳಿಹಸಿರು ಕಣ

ನಮ್ಮಜ್ಜಿಯ ಟ್ರಂಕಿನ ತುಂಬ ರವಿಕೆ ಕಣಗಳಿದ್ದವು. ಅದರಲ್ಲಿ ಒಂದನ್ನೂ ಅವಳು ಅಂಗಡಿಯಿಂದ ತಂದಿರಲಿಲ್ಲ. ಮದುವೆ, ನಾಮಕರಣ, ಗೌರಿ ಹಬ್ಬ ಅಂತ ಯಾರು ಯಾರೋ ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ ನಮ್ಮವ್ವನ ಮಡಿಲಿಗೆ ಹಾಕಿದ ಬಟ್ಟೆಗಳು ಅವು. ಬಂದ ಕಣ ಒಂದೆರಡು ವರ್ಷ ಟ್ರಂಕಿನಲ್ಲಿ ವಿಶ್ರಾಂತಿ ಪಡೆದು ಮತ್ತೆ ಇನ್ಯಾರದೋ ಮಡಿಲಿಗೆ ಹೋಗುತ್ತಿತ್ತು. ನಮ್ಮೂರು ಕೊಳ್ಳೇಗಾಲದಲ್ಲಿ ಹೊರಟದ್ದು ಹನೂರಿಗೆ ಹೋಗಿ, ಅಲ್ಲಿಂದ ಯಳಂದೂರು ಸುತ್ತಿ, ಯಾರ ಮೈಮೇಲೂ ರವಿಕೆಯಾಗದೆ ಮುದಿಯಾಗುವುದು ನಮ್ಮ ಕಡೆ ಮಾಮೂಲು. ಟಿಕೆಟ್ಟಿಲ್ಲದೆ ಅಷ್ಟು ಊರು ನೋಡಿದವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಈ ಸಂಚಾರಕ್ಕೆ ಇದ್ದದ್ದು ಒಂದೇ ಕಟ್ಟುಪಾಡು. ಕೊಟ್ಟವರ ಮನೆಗೇ ಅದೇ ಕಣ ವಾಪಸು ಹೋಗಕೂಡದು. ಹೋದರೆ ನಿಮ್ಮ ಕೊಡುಗೆಯೂ ಬೇಡ, ನಿಮ್ಮ ನಂಟೂ ಬೇಡ ಎಂದು ಮುಖಕ್ಕೆ ಹೇಳಿದ ಹಾಗೆ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅದಕ್ಕೆ ಅವಳು ಬಂದ ಕಣದ ಮೂಲೆಗೆಲ್ಲ ಒಂದೊಂದು ದಾರದ ಗಂಟು ಹಾಕಿಡುತ್ತಿದ್ದಳು. ನಮ್ಮ ಬೀದಿಯ ಹಿಂದೆಯೇ ಮಗ್ಗದ ಮನೆಗಳು. ಕತ್ತರಿಸಿ ಎಸೆದ ರೇಷ್ಮೆ ಎಳೆಗಳು ಬೇಕಾದ ಬಣ್ಣದವು ಬಿಟ್ಟಿ ಸಿಗುತ್ತಿದ್ದವು. ಕಪ್ಪು ಗಂಟೆಂದರೆ ಯಳಂದೂರಿನಿಂದ ಬಂದದ್ದು, ಹಳದಿಯೆಂದರೆ ಹನೂರಿನದು, ಕೆಂಪು ನಮ್ಮ ಬೀದಿಯವರದು. ಕೊಡುವ ದಿನ ಗಂಟು ನೋಡಿ, ಕತ್ತರಿಸಿ ಬಿಸಾಕಿ, ಬೇರೆ ಬಣ್ಣದ ಮನೆಗೆ ಕಳಿಸುವುದು. ಟ್ರಂಕಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿರುತ್ತಿತ್ತು. ನಮ್ಮವ್ವನಿಗೆ ಅದನ್ನು ಮುಟ್ಟುವ ಹಕ್ಕಿರಲಿಲ್ಲ, ಮಡಿಲಿಗೆ ಬಿದ್ದ ಕಣವನ್ನು ಬಿಡಿಸಿಯೂ ನೋಡದೆ ಅಜ್ಜಿಯ ಕೈಗೆ ಒಪ್ಪಿಸುತ್ತಿದ್ದಳು.

ಬೀದಿಯಲ್ಲಿ ಅಜ್ಜಿಗೆ ಜಿಪುಣಿ ಎಂದು ಹೆಸರಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಹನೂರಿನಲ್ಲಿದ್ದ ಅವಳ ತಂಗಿಗೆ ಹಲ್ಲೆಲ್ಲ ಬಿದ್ದುಹೋದ ಮೇಲೆ ಹಬ್ಬ ಹಬ್ಬಕ್ಕೂ ಅಡಿಕೆಯನ್ನು ತಾನೇ ನುಣ್ಣಗೆ ಕುಟ್ಟಿ, ಚಿಕ್ಕ ಚೀಲದಲ್ಲಿ ತುಂಬಿ ಕಳಿಸುತ್ತಿದ್ದಳು. ಪಕ್ಕದ ಮನೆಯಲ್ಲಿ ಹೆರಿಗೆಯಾದರೆ ಎಲ್ಲರೂ ಬೆಳ್ಳಿ ಬಟ್ಟಲು ಕೊಡಬೇಕೋ ಹಿತ್ತಾಳೆಯದೋ ಎಂದು ತಲೆ ಕೆಡಿಸಿಕೊಳ್ಳುವಾಗ, ಇವಳು ತನ್ನ ಸವೆದ ಹಳೇ ಸೀರೆಯನ್ನು ಒಗೆದು, ಹರಿದು, ಮಗುವಿನ ಬಟ್ಟೆಗೆಂದು ಮಡಿಸಿ ಕೊಟ್ಟು ಬರುತ್ತಿದ್ದಳು. ಬಾಣಂತಿ ಬಟ್ಟಲನ್ನು ಗೂಡಿನಲ್ಲಿಟ್ಟು ಆ ಬಟ್ಟೆಗೆ ಕೈ ಚಾಚುವುದನ್ನು ನಾನೇ ನೋಡಿದ್ದೇನೆ. "ಸಾಮಾನು ಅಂಗಡೀಲಿ ಸಿಕ್ತದ ಕಣವ್ವ. ಆ ಮನೇಲಿ ಯಾವ ಕೆಲ್ಸ ಮಿಕ್ಕದ ಅಂತ ಅಂಗಡಿಯವ್ನಿಗೆ ಏನು ಗೊತ್ತು?" ಎನ್ನುತ್ತಿದ್ದಳು. ದುಡ್ಡು ಬಿಚ್ಚದಿರುವುದಕ್ಕೆ ಇಷ್ಟು ಒಳ್ಳೆಯ ಕಾರಣವನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಅಜ್ಜಿಗೆ ಒಬ್ಬಳೇ ಮಗಳು, ಅಂದರೆ ನಮ್ಮಪ್ಪನ ತಂಗಿ, ನನಗೆ ಅತ್ತೆ. ಅವಳನ್ನು ಯಳಂದೂರಿಗೆ ಕೊಟ್ಟಾಗ ನಮ್ಮೂರು ಮದ್ರಾಸಿಗೆ ಸೇರಿತ್ತು, ಆ ಊರು ಮೈಸೂರಿಗೆ. ನಡುವೆ ಇದ್ದದ್ದು ಹತ್ತು ಮೈಲಿ. ಅಜ್ಜಿ ಮಾತ್ರ ಮಗಳನ್ನು ಪರದೇಶಕ್ಕೆ ಕಳಿಸಿದ ಹಾಗೆ ಅತ್ತಿದ್ದಳಂತೆ. ಆಮೇಲೆ ಸರ್ಕಾರದವರು ನಮ್ಮನ್ನೂ ಮೈಸೂರಿಗೆ ಸೇರಿಸಿದರು. ಅಜ್ಜಿ ಅದನ್ನು ತನ್ನ ಕಣ್ಣೀರಿಗೆ ಸಿಕ್ಕ ಫಲ ಎಂದೇ ಲೆಕ್ಕ ಹಾಕಿದ್ದಳು.

ರಾಜ್ಯ ಒಂದಾದರೂ ಅತ್ತೆ ಮಾತ್ರ ಬರಲಿಲ್ಲ. ಗೌರಿ ಹಬ್ಬಕ್ಕೆ ದೇವಿಯೇ ತವರಿಗೆ ಬರುತ್ತಾಳೆ, ಹೆಣ್ಣುಮಕ್ಕಳು ಬರಬೇಡವೇ? ಎರಡು ವರ್ಷ ಹಬ್ಬಕ್ಕೆ ಕಳಿಸಿರಲಿಲ್ಲ. ಅತ್ತೆಯ ಅತ್ತೆ, ಅಂದರೆ ನಮ್ಮ ಬೀಗಿತಿ, ಬಹಳ ಬಿಗಿ ಹೆಂಗಸು. ಮಂಡಿ ನೋವು, ಮನೆಯಲ್ಲಿ ಹೆಣ್ಣಾಳಿಲ್ಲ, ಹಿಪ್ಪುನೇರಳೆ ಸೊಪ್ಪು ಕೊಯ್ಯುವವರಿಲ್ಲ ಎಂದು ಪ್ರತಿ ಸಲವೂ ಒಂದು ನೆಪ ಹೇಳಿ ಕಳಿಸುತ್ತಿದ್ದರು. ಮೂರನೇ ಗೌರಿ ಹಬ್ಬ ಬಂದಾಗ ಅಜ್ಜಿ ಹಟ ತೊಟ್ಟಳು. ಈ ಸಲದ ಬಾಗಿನ ನೋಡಿ ಬೀಗಿತಿಯ ಮನಸ್ಸು ಕರಗಬೇಕು, ಮಗಳು ಹತ್ತು ದಿನ ಬಂದಿರಬೇಕು. ನನಗೂ ಅತ್ತೆ ಬೇಕಾಗಿದ್ದಳು. ಹುಣಸೆಹಣ್ಣಿಗೆ ಉಪ್ಪು ಖಾರ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಕೊಡುವ ದೊಡ್ಡವರು ಅವಳನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ.

ಇಷ್ಟರಲ್ಲಿ ನಾನು ನನ್ನ ಕೈಚಳಕ ತೋರಿಸಿಬಿಟ್ಟಿದ್ದೆ.

ನನಗಾಗ ಹತ್ತು ವರ್ಷ. ಟ್ರಂಕಿನಲ್ಲಿ ಒಂದು ಗಿಳಿಹಸಿರು ರೇಷ್ಮೆ ಕಣವಿತ್ತು, ಕಡುಗೆಂಪು ಅಂಚು, ಅದರಲ್ಲಿ ಒಂದೆಳೆ ಜರಿ. ಹಿಂದಿನ ವರ್ಷ ನಮ್ಮವ್ವ ಯಳಂದೂರಿಗೆ ಹೋದಾಗ ಬೀಗಿತಿಯೇ ಮಡಿಲಿಗೆ ಹಾಕಿದ್ದು. ಅದರಲ್ಲಿ ನನಗೊಂದು ರವಿಕೆ ಹೊಲಿಸಿದರೆ ಹಬ್ಬದ ದಿನ ಬೀದಿಯ ಹುಡುಗಿಯರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಾರೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಆದರೆ ಅಜ್ಜಿ ಈ ವರ್ಷ ಅದು ಹನೂರಿನ ತಂಗಿಗೆ ಎಂದು ಹೇಳಿದ್ದು ಕಿವಿಗೆ ಬಿತ್ತು. ನನ್ನ ತಲೆ ಓಡಿತು. ಅಜ್ಜಿ ಟ್ರಂಕಿಗೆ ಬಿಸಿಲು ತೋರಿಸುತ್ತಿದ್ದ ಒಂದು ಮಧ್ಯಾಹ್ನ, ಅವಳು ನೀರು ಕುಡಿಯಲು ಒಳಗೆ ಹೋದಾಗ, ಆ ಕಣದ ಕಪ್ಪು ಗಂಟು ಬಿಚ್ಚಿ ಹಳದಿ ದಾರ ಕಟ್ಟಿದೆ. ಹಳದಿ ಎಂದರೆ ಹನೂರಿನಿಂದ ಬಂದದ್ದು, ಅಂದಮೇಲೆ ಹನೂರಿಗೆ ಹೋಗುವ ಹಾಗಿಲ್ಲ. ಕಣ ಟ್ರಂಕಿನಲ್ಲೇ ಉಳಿಯುತ್ತದೆ, ಆಮೇಲೆ ಅತ್ತು ಕರೆದು ಗಿಟ್ಟಿಸಿಕೊಂಡರಾಯಿತು. ಕಪ್ಪು ಗಂಟು ಹೋದ ಮೇಲೆ ಯಳಂದೂರಿನ ಬಾಗಿಲು ತೆರೆದುಕೊಂಡಿತು ಎಂಬುದು ನನ್ನ ಪುಟ್ಟ ತಲೆಗೆ ಹೊಳೆಯಲೇ ಇಲ್ಲ.

ಹಬ್ಬಕ್ಕೆ ಇನ್ನೂ ಮೂರ್ನಾಲ್ಕು ದಿನ ಇರುವಾಗ ಬಾಗಿನ ಕಟ್ಟಲು ಕೂತರು. ಮೊರದೊಳಗೆ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ಬೆಲ್ಲ ಎಲ್ಲ ಸೇರಿತು. ಅಜ್ಜಿ ತನ್ನ ಕಡೆಯಿಂದ ಒಂದು ಗಡಿಗೆ ಹುಣಸೆಹಣ್ಣು ಇಟ್ಟಳು. ಬೀಜ, ನಾರು ಎಲ್ಲ ಬಿಡಿಸಿ, ಉಪ್ಪು ಬೆರೆಸಿ, ಉಂಡೆ ಕಟ್ಟಿದ್ದು. ಸೊಪ್ಪು ಕೊಯ್ದು, ರೇಷ್ಮೆ ಹುಳುಗಳಿಗೆ ಹಾಕಿ ಸುಸ್ತಾಗುವ ಮಗಳು ಸಾರಿಗೆ ಕೂತು ಹುಣಸೆಹಣ್ಣು ಬಿಡಿಸದಿರಲಿ ಎಂದು ವಾರವಿಡೀ ಅದೇ ಕೆಲಸ ಮಾಡಿದ್ದಳು. ಆಮೇಲೆ ಬೀಗಿತಿಗೆ ಕಣ.

"ಇರಾದ್ರಲ್ಲೇ ಚೆಂದಾದ್ದು ತಗಿ," ಎಂದಳು ಅಜ್ಜಿ.

ನಮ್ಮವ್ವ ನೇರವಾಗಿ ಗಿಳಿಹಸಿರಿಗೇ ಕೈ ಹಾಕಿದಳು.

ಅಜ್ಜಿ ಅದನ್ನು ತಿರುಗಿಸಿ ನೋಡಿದಳು. "ಇದು ಯಳಂದೂರಿಂದ ಬಂದದ್ದಲ್ವಾ?"

"ದಾರ ಹಳದಿ ಅದ ಕಣತ್ತೆ. ಹನೂರುದ್ದು," ಎಂದಳು ಅವ್ವ.

ಅಜ್ಜಿ ಮೂಲೆಯ ಗಂಟನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ತನ್ನ ತಲೆಗಿಂತ ದಾರವನ್ನೇ ಹೆಚ್ಚು ನಂಬುವ ಹೆಂಗಸು. "ವಯಸ್ಸಾಯ್ತು ಕನಾ ನಂಗ," ಎಂದು ಗಂಟು ಕತ್ತರಿಸಿದಳು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಆಗಲೇ ಬಾಯಿ ಬಿಟ್ಟಿದ್ದರೆ ಬೆನ್ನಿಗೆ ಎರಡು ಬೀಳುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಆ ಎರಡು ಏಟಿಗೆ ಹೆದರಿ ಸುಮ್ಮನಿದ್ದೆ. ಅಪ್ಪ ಬಾಗಿನ ಹೊತ್ತುಕೊಂಡು ಬಸ್ಸು ಹತ್ತಿದ.

ಮಾರನೆಯ ದಿನ ಊಟದ ಹೊತ್ತು ಇಳಿದಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು, ಒಂದೇ ಸಲಕ್ಕೆ ಪೋಣಿಸಿಯೂ ಬಿಟ್ಟಳು. ತಲೆಯೆತ್ತಿ ಬೀದಿಯ ತುದಿಗೆ ನೋಡಿ, "ಅಲ್ನೋಡವ್ವ, ಬೀಗಿತಿ ಬತ್ತಾವ್ಳೆ. ಜೊತೇಲಿ ನಿಮ್ಮತ್ತೆ. ಕೈಲಿ ಗಂಟು ಅದ," ಎಂದಳು. ನನಗೆ ಅಲ್ಲಿ ಎರಡು ಸೀರೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಜ್ಜಿ ಮುಖ ಅರಳಿಸಿಕೊಂಡು ಎದ್ದಳು. ಬಾಗಿನ ಕೆಲಸ ಮಾಡಿತು ಎಂದೇ ಅವಳ ಎಣಿಕೆ.

ಬೀಗಿತಿ ಜಗಲಿ ಹತ್ತಲಿಲ್ಲ. ಸೆರಗಿನಿಂದ ಗಿಳಿಹಸಿರು ಕಣ ತೆಗೆದು ಜಗಲಿಯ ಮೇಲಿಟ್ಟರು. ಅಂಚು ಮಗುಚಿ ತೋರಿಸಿದರು. ಒಳಗಡೆ ಸಾಸಿವೆ ಕಾಳಿನಷ್ಟು ಅರಿಶಿನದ ಬೊಟ್ಟು, ಕೊಡುವ ಮುಂಚೆ ಅವರೇ ಇಟ್ಟ ಗುರುತು. ಆಗ ಗೊತ್ತಾಯಿತು, ನಮ್ಮಜ್ಜಿ ಒಬ್ಬಳೇ ಅಲ್ಲ, ಎಲ್ಲರ ಮನೆಯ ಟ್ರಂಕಿನಲ್ಲೂ ಇದೇ ಕಥೆ.

"ನಾನ್ ಕೊಟ್ಟಿದ್ದ ನಂಗೇ ಕಳ್ಸಿದ್ದೀರಿ. ನಮ್ ನಂಟು ಬ್ಯಾಡ ಅಂದ್ರ ಬಾಯ್ಬಿಟ್ಟು ಏಳ್ಬೌದಾಗಿತ್ತು. ತಕಳಿ, ನಿಮ್ ಕಣನೂ ತಕಳಿ, ನಿಮ್ ಮಗ್ಳುನೂ ಮಡಿಕಳಿ," ಎಂದರು.

ಅತ್ತೆ ಬೀದಿಯಲ್ಲೇ ನಿಂತಿದ್ದಳು, ಬಟ್ಟೆಗಂಟನ್ನು ಎದೆಗೆ ಅವಚಿಕೊಂಡು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಹಬ್ಬಕ್ಕೆ ಹತ್ತು ದಿನ ಬರಲಿ ಎಂದು ನಾವು ಬೇಡಿಕೊಂಡಿದ್ದವಳನ್ನು ಒಂದೇ ಸಲ ಬಿಟ್ಟುಹೋಗಲು ತಂದಿದ್ದರು. ಎದುರುಮನೆಯ ಕಿಟಕಿ ತೆರೆಯಿತು.

ಅಜ್ಜಿ ಅರಿಶಿನದ ಬೊಟ್ಟು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಒಂದು ಸಲ, ಅಷ್ಟೇ. ಅಷ್ಟರಲ್ಲಿ ಅವಳಿಗೆ ಕಪ್ಪು ದಾರ, ಹಳದಿ ದಾರ, ಬಿಸಿಲು, ನನ್ನ ರವಿಕೆಯ ಆಸೆ ಎಲ್ಲವೂ ತಿಳಿದುಹೋಯಿತು. ನನ್ನ ಹೆಸರು ಈಗ ಹೊರಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ಯಾವ ಕಣವ್ವ? ಎಲ್ಲದ?" ಎಂದಳು ಅಜ್ಜಿ.

ಕಣ್ಣು ಬಿಟ್ಟು ನೋಡಿದರೆ, ಅವಳ ಕೈ ಜಗಲಿಯ ಮೇಲೆ ತಡಕಾಡುತ್ತಿದೆ. ಕಣ ಒಂದು ಕಡೆ, ಕೈ ಇನ್ನೊಂದು ಕಡೆ.

"ಯಾರ್ಗೂ ಏಳ್ನಿಲ್ಲ ಕಣವ್ವ ನಾನು. ವರ್ಷಾಯ್ತು, ಕಣ್ಣು ಮಂಜಾಗದ. ಕಪ್ಯಾವ್ದು ಹಳದಿ ಯಾವ್ದು ಒಂದೂ ಕಾಣಕಿಲ್ಲ. ಸೊಸೆ ಮುಂದ ನಾಚ್ಕ ಆಯ್ತದ ಅಂತ ಸುಮ್ನಿದ್ದಿ. ತಪ್ಪು ನಂದು. ನನ್ ಮಗ್ಳ ಮ್ಯಾಲ ಆಕ್ಬ್ಯಾಡಿ."

ಹಿಂದಿನ ದಿನ ನನ್ನ ತಲೆಯಿಂದ ಹೇನು ಆರಿಸಿದ್ದ ಕಣ್ಣು ಅದು! ನಮ್ಮವ್ವ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಅತ್ತೆ ಗಂಟು ಬಿಸಾಕಿ ಓಡಿ ಬಂದು ತಾಯಿಯ ಕೈ ಹಿಡಿದಳು. ಯಾವತ್ತೂ ಯಾರ ಮುಂದೂ ಸೋತೆ ಎನ್ನದ ನಮ್ಮಜ್ಜಿ ಬೀದಿಯಲ್ಲಿ ನಿಂತು ಕಣ್ಣು ಕಾಣಲ್ಲ ಎಂದದ್ದು ಬೀಗಿತಿಗೂ ನಾಟಿತು. ಜಗಲಿ ಹತ್ತಿ ಬಂದರು. "ಅಯ್ಯೋ ಅಕ್ಕಾ, ಮೊದ್ಲೇ ಒಂದ್ಮಾತು ಏಳ್ಬಾರ್ದಾ?" ಎಂದು ಪಕ್ಕದಲ್ಲೇ ಕೂತರು. ಮಜ್ಜಿಗೆ ಕುಡಿದರು. ಹಬ್ಬ ಮುಗಿಯುವವರೆಗೂ ಅತ್ತೆ ಇಲ್ಲೇ ಇದ್ದು ತಾಯಿಯನ್ನು ನೋಡಿಕೊಳ್ಳಲಿ ಎಂದರು. ಹೊರಡುವಾಗ ಗಿಳಿಹಸಿರು ಕಣವನ್ನು ನನ್ನ ಕೈಗಿಟ್ಟು, "ಕೂಸ್ಗ ಒಂದು ರವಿಕೆ ಒಲ್ಸಿ," ಎಂದು ಹೇಳಿ, ಅವ್ವನ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದರು: "ಕಣ್ಣು ಕಾಣ್ದೋರ್ ಸೊಂಟದಲ್ಲಿ ಬೀಗದ ಕೈ ಯಾಕವ್ವ? ನೀನು ಇಸ್ಕೊ."

ಅಜ್ಜಿಯ ಮುಖ ಒಂದು ಗಳಿಗೆ ಹುಳ್ಳಗಾಯಿತು. ಆಮೇಲೆ ಮೆಲ್ಲಗೆ ಬೀಗದ ಕೈ ಬಿಚ್ಚಿ, ಬೇಕೆಂದೇ ಅವ್ವ ಇಲ್ಲದ ದಿಕ್ಕಿಗೆ ಚಾಚಿದಳು.

ನನಗೆ ಏಟು ಬೀಳಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆಯಾಯಿತು. ಕುರುಡಿಗೆ ಕೈ ಹಿಡಿದು ನಡೆಸುವವರು ಬೇಕಲ್ಲ, ಅಜ್ಜಿ ನನ್ನನ್ನೇ ಆರಿಸಿಕೊಂಡಳು. ಬಚ್ಚಲಿಗೆ, ಹಿತ್ತಲಿಗೆ, ಜಗಲಿಗೆ, ಎಲ್ಲೆಲ್ಲಿಗೂ ನಾನೇ. ಬೀದಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ಗಿಳಿಹಸಿರು ರವಿಕೆ ತೊಟ್ಟು ಅಜ್ಜಿಯ ಪಕ್ಕ ಕೂತಿರಬೇಕು. ಅಷ್ಟು ಆಸೆಪಟ್ಟ ರವಿಕೆಯ ಜರಿ ಕಂಕುಳಲ್ಲಿ ಚುಚ್ಚುತ್ತಿತ್ತು. ಬಿಚ್ಚಿಡುತ್ತೇನೆ ಎಂದರೆ ಅಜ್ಜಿ, "ಇರ್ಲಿ ಕೂಸು, ನಂಗ ಕಾಣ್ದೇ ಇದ್ರೂ ಊರ್ನೋರ್ಗ ಕಾಣ್ಲಿ," ಎನ್ನುತ್ತಿದ್ದಳು.

ಆದರೆ ಅವಳಿಗೂ ಸುಖವಿರಲಿಲ್ಲ. ಅವ್ವ ಹೋಳಿಗೆಗೆ ಸೌಟುಗಟ್ಟಲೆ ತುಪ್ಪ ಸುರಿಯುವುದನ್ನು ಅಜ್ಜಿ ನೋಡಿಯೂ ನೋಡದ ಹಾಗೆ ಕೂರಬೇಕಾಗಿತ್ತು. ಬೀಗದ ಕೈ ಸಿಕ್ಕ ಅವ್ವ ಟ್ರಂಕು ತೆಗೆದು, ಅಷ್ಟು ವರ್ಷ ಊರೂರು ಅಲೆದ ಕಣಗಳಲ್ಲಿ ನಾಲ್ಕನ್ನು ತನಗೇ ರವಿಕೆ ಹೊಲಿಯಲು ಕೊಟ್ಟುಬಿಟ್ಟಳು. ಅವನ್ನು ಒಂದೊಂದಾಗಿ ತೊಟ್ಟು ಎದುರಿಗೇ ಓಡಾಡುವಾಗ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕೆಮ್ಮುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದರೆ ನನ್ನ ತೊಡೆಗೆ ಚಿವುಟುತ್ತಿದ್ದಳು, ನಾನು "ಅವ್ವಾ, ಹಾಲು!" ಎಂದು ಕೂಗಬೇಕು. ಹಬ್ಬ ಮುಗಿಯುವಷ್ಟರಲ್ಲಿ ನನ್ನ ತೊಡೆ ನೀಲಿಯಾಗಿತ್ತು.

ಒಂದು ದಿನ ಹಿತ್ತಲಿನಲ್ಲಿ ಇಬ್ಬರೇ ಇದ್ದಾಗ ಕೇಳಿದೆ, ನನ್ನ ಹೆಸರು ಯಾಕೆ ಹೇಳಲಿಲ್ಲ ಅಂತ.

"ನಿನ್ ಎಸ್ರು ಏಳಿದ್ರ ಏನನ್ನೋರು? ಆ ಮನೆ ಎಣ್ಮಕ್ಳ ಬುದ್ಧಿನೇ ಹಿಂಗ ಅನ್ನೋರು. ಸುತ್ತಿ ಬಳಸಿ ನಿಮ್ಮತ್ತೆ ತಲ ಮ್ಯಾಲೇ ಬರೋದು. ನಿಮ್ಮವ್ವನ ಎಸ್ರು ಏಳಿದ್ರ ಅವ್ಳು ಬದುಕಿರೋಗಂಟ ಕೇಳ್ಬೇಕಾಗಿತ್ತು. ಮುದ್ಕಿ ಕಣ್ಣಾದ್ರ ಯಾರ್ ಏನ್ ಅಂದಾರು? ನಂಗೇನು ಕರ್ಚಾಯ್ತು?"

ಖರ್ಚಾದದ್ದು ಏನೆಂದು ನನಗೆ ಗೊತ್ತಿತ್ತು. ಅವಳ ಸೊಂಟ ಬರಿದಾಗಿತ್ತು. ಅವತ್ತು ನಾನು ಅವಳ ಸೆರಗಿನಲ್ಲಿ ಮುಖವಿಟ್ಟು ಚೆನ್ನಾಗಿ ಅತ್ತೆ. ಅವಳು ಸುಮ್ಮನೆ ತಲೆ ಸವರಿ, ಅಲ್ಲೇ ಸಿಕ್ಕ ಒಂದು ಹೇನನ್ನು ಉಗುರಿನಲ್ಲಿ ಕುಕ್ಕಿದಳು.

ಅತ್ತೆ ಆ ಹತ್ತು ದಿನ ತಾಯಿಗೆ ತುತ್ತು ಮಾಡಿ ತಿನ್ನಿಸಿದಳು, ತಲೆಗೆ ಎಣ್ಣೆ ಹಾಕಿದಳು, ಮಡಿಲಲ್ಲಿ ಮಲಗಿ ಎರಡು ವರ್ಷದ ಮಾತೆಲ್ಲ ಆಡಿದಳು. ಅಜ್ಜಿ ಅವಳ ಮುಖವನ್ನು ಕೈಯಲ್ಲಿ ಸವರಿ ನೋಡುವ ನೆಪದಲ್ಲಿ ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿರುತ್ತಿದ್ದಳು. ಕಣ್ಣು ಚೆನ್ನಾಗಿದ್ದಾಗ ಅವಳು ಮಗಳನ್ನು ಹಾಗೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ಗಣಪತಿ ಬಿಟ್ಟ ಮೇಲೆ ಬೀಗಿತಿ ಕರೆದೊಯ್ಯಲು ಬಂದರು. ಮುಖ ಇಳಿದಿತ್ತು. ಹತ್ತು ದಿನ ಒಬ್ಬರೇ ಸೊಪ್ಪು ಕೊಯ್ದು, ಹೆಚ್ಚಿ, ಹುಳುವಿನ ತಟ್ಟೆ ತಟ್ಟೆಗೂ ಹಾಕಿದ್ದರಂತೆ. ಕೈಬೆರಳೆಲ್ಲ ಸೊಪ್ಪಿನ ಕಲೆ. ಅಕ್ಕಿ ಬಣ್ಣದ ಸೀರೆ ಉಟ್ಟಿದ್ದರು. ಊಟವಾಯಿತು, ಎಲೆ ಅಡಿಕೆಯಾಯಿತು. ಇನ್ನೇನು ಏಳಬೇಕು, ಅಜ್ಜಿ ತಟಕ್ಕನೆ ಬಗ್ಗಿ ಅವರ ಭುಜದ ಮೇಲಿನ ಸೆರಗಿಗೆ ಎರಡು ಬೆರಳು ಹಾಕಿದಳು.

"ಉಳ ಕಣವ್ವ! ಇಲ್ಲಿಗಂಟ ಬಂದ್ಬುಟ್ಟದ, ಪಾಪ, ಸೊಪ್ಪಿಲ್ದೆ ಸತ್ತೋದಾತು."

ಬೆರಳ ತುದಿಯಲ್ಲಿ ಒಂದು ರೇಷ್ಮೆ ಹುಳು. ಅಕ್ಕಿ ಬಣ್ಣದ ಸೀರೆಯ ಮೇಲಿದ್ದ ಅಕ್ಕಿ ಬಣ್ಣದ ಹುಳು.

ಅವ್ವ ಅಜ್ಜಿಯನ್ನು ನೋಡಿದಳು, ಅತ್ತೆ ನೆಲ ನೋಡಿದಳು, ನಾನು ಓಡಿಹೋಗಲು ಬಾಗಿಲು ನೋಡಿದೆ. ಬೀಗಿತಿ ಹುಳುವನ್ನು ನೋಡಿದರು, ಅಜ್ಜಿಯ ಕಣ್ಣನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಸಾಸಿವೆಯಷ್ಟು ಬೊಟ್ಟಿಟ್ಟು ಗುರುತು ಹಿಡಿಯುವ ಹೆಂಗಸಿಗೆ ಇದನ್ನು ಬಿಡಿಸಲು ಎಷ್ಟು ಹೊತ್ತು? ಅವರ ತುಟಿಯ ಒಂದು ಕೊನೆ ಅಲುಗಿತು. ಒಂದು ವೀಳ್ಯದೆಲೆ ತೆಗೆದು ಹುಳುವನ್ನು ಅದರ ಮೇಲೆ ಇಳಿಸಿಕೊಂಡರು.

"ಅಕ್ಕಾ, ಬರೋ ವರ್ಸ ಗೌರಿ ಅಬ್ಬಕ್ಕೂ ನಿಮ್ ಕಣ್ಣು ಸರ್ಯಾಗಿ ಇಂಗೇ ಮಂಜಾಗ್ಲಿ. ಒಂದ್ ಕಾಗ್ದ ಬರ್ಸಿ, ಕಳುಸ್ತೀನಿ," ಎಂದರು.

ಅಜ್ಜಿಯ ಕಣ್ಣು ಆಗ ನಿಜವಾಗಿಯೂ ಮಂಜಾಗಿತ್ತು.

ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಗೌರಿ ಹಬ್ಬಕ್ಕೆ ಒಂದು ವಾರ ಮುಂಚೆ ಅಜ್ಜಿ ನನ್ನನ್ನು ಕರೆದು ಕಾರ್ಡು ಬರೆಸುತ್ತಿದ್ದಳು, "ಕಣ್ಣು ಮತ್ತೆ ಮಂಜಾಗಿದೆ, ಮಗಳನ್ನು ಕಳಿಸಿಕೊಡುವುದು" ಎಂದು. ಬರೆದದ್ದು ಸರಿಯಾಗಿದೆಯೇ ಎಂದು ಓದಲು ಬಾರದಿದ್ದರೂ ಕಾರ್ಡನ್ನು ಬೆಳಕಿಗೆ ಹಿಡಿದು, ಸಾಲು ಓರೆಯಾಗಿದೆ ಎಂದು ಬೈಯುತ್ತಿದ್ದಳು. ಅತ್ತೆ ಬರುತ್ತಿದ್ದಳು. ಮಕ್ಕಳಾದ ಮೇಲೆ ಅವರನ್ನೂ ಕಟ್ಟಿಕೊಂಡು ಬರುತ್ತಿದ್ದಳು. ಬೀಗದ ಕೈ ಮಾತ್ರ ಅವ್ವನ ಸೊಂಟದಲ್ಲೇ ಉಳಿಯಿತು. ಅವ್ವ ಕೊಡಲಿಲ್ಲ, ಅಜ್ಜಿ ಕೇಳಲಿಲ್ಲ.

ಎಪ್ಪತ್ತರ ದಶಕದ ಶುರುವಿನಲ್ಲಿ, ನನ್ನ ಮದುವೆಯಾಗಿ ನಾನೂ ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದ ಒಂದು ವರ್ಷ, ಅಜ್ಜಿ ಕಾರ್ಡು ಬರೆಯಲು ಕರೆದಳು. ಅವಳ ಕಣ್ಣುಗಳ ಮೇಲೆ ಬಿಳಿ ಪೊರೆ ಬಂದಿತ್ತು. ನಾನು ಬಂದು ಎದುರಿಗೆ ನಿಂತರೂ ಧ್ವನಿ ಕೇಳುವವರೆಗೆ ಯಾರೆಂದು ತಿಳಿಯಲಿಲ್ಲ. ಎಂದಿನ ವಾಕ್ಯ ಬರೆಯತೊಡಗಿದೆ. "ಬ್ಯಾಡ," ಎಂದಳು. "ಈ ಸಲ ಅಂಗ ಬರೀಬ್ಯಾಡ. ಕಣ್ಣು ಚೆನ್ನಾಗವ, ಯಾರೂ ಬರೋದು ಬ್ಯಾಡ ಅಂತ ಬರಿ. ನಿಜ ಏಳಿದ್ರ ನಿಮ್ಮತ್ತೆ ಎದ್ರುಕೊತಾಳ ಮಗಾ." ಬೇರೆ ದಾರಿಯಿಲ್ಲದೆ ಹಾಗೇ ಬರೆದೆ.

ಕಾರ್ಡು ತಲುಪಿದ ದಿನವೇ ಸಿಕ್ಕ ಬಸ್ಸಿಗೆ ಅತ್ತೆ ಬಂದಿಳಿದಳು. ಅವಳ ಹಿಂದೆ, ಮಂಡಿ ಹಿಡಿದುಕೊಂಡು, ವರ್ಷಗಳಿಂದ ಊರು ಬಿಟ್ಟು ಕದಲದಿದ್ದ ಬೀಗಿತಿ. ನೇರವಾಗಿ ಬಂದು ಅಜ್ಜಿಯ ಪಕ್ಕ ಕೂತು ಅವಳ ಎರಡೂ ಕೈ ಹಿಡಿದುಕೊಂಡರು.

"ಇಷ್ಟ್ ವರ್ಸ ಕಣ್ಣು ಕಾಣಲ್ಲ ಅಂತ ಬರುಸ್ತಿದ್ರಿ, ನಾನು ನಕ್ಕಂಡು ಸುಮ್ನಿರ್ತಿದ್ದಿ. ಈಗ ಚೆನ್ನಾಗವ ಅಂತ ಬರ್ಸುದ್ರಲ್ಲ, ಅನ್ನ ಇಳೀನಿಲ್ಲ ಕಣಕ್ಕ," ಎಂದರು.